ಅಜ್ಜಿಯ ಬೇರು, ಮಾವನ ಕೆನ್ನೆ

ಪ್ರಶ್ನೆ: ನಮ್ಮದು ತುಳುನಾಡಿನ ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ ಎಣಿಸುವ) ಕುಟುಂಬ. ಅಜ್ಜಿ, ಅಮ್ಮ ಇಬ್ಬರೂ ಇಲ್ಲ. ಸ್ವಯಂಸೇವಕರ, ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಲ್ ಡಿಎನ್‌ಎ ಯೋಜನೆಗೆ ಯಾರ ಮಾದರಿ ಕೊಡಬೇಕು? ಫಲಿತಾಂಶದಲ್ಲಿ ತಾಯಿಕಡೆಯ ವಂಶಶಾಖೆಯ ಗುಂಪು ‘ಎಂ’ ಎಂದು ಬಂದರೆ ಏನರ್ಥ?

ಉತ್ತರ: ನೀವೇ ಕೊಡಬಹುದು, ಸೋದರಮಾವನದೂ ಆಗುತ್ತದೆ. ಗಂಡಸರಿಗೂ ಇದು ತಾಯಿಯಿಂದಲೇ ಬರುವುದು. ಮಾವನ ಮಕ್ಕಳದು ಮಾತ್ರ ಬೇಡ, ಅವರದು ಅತ್ತೆಯ ಕಡೆಯದು. ಬಳಿಯ (ತಾಯಿಯಿಂದ ಬರುವ ಕುಲದ) ಲೆಕ್ಕವೂ ಹೀಗೇ ತಾನೆ! ಕೆನ್ನೆಯ ಒಳಭಾಗ ಉಜ್ಜುವ ಮೊದಲು ಒಂದು ಗಂಟೆ ಏನೂ ತಿನ್ನಬಾರದು, ಎಲೆಯಡಿಕೆಯಂತೂ ಬೇಡವೇ ಬೇಡ.

ಬರೀ ‘ಎಂ’ ಎಂದರೆ ಹೆಚ್ಚೇನೂ ತಿಳಿಯುವುದಿಲ್ಲ. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದೇ ಗುಂಪಿನವರು, ಅದರ ಮೂಲ ಹತ್ತಾರು ಸಾವಿರ ವರ್ಷ ಹಿಂದಿನದು. ಸಣ್ಣ ಭಾಗದ ಪರೀಕ್ಷೆಗೆ ದುಡ್ಡು ಸುರಿಯದೆ, ಈ ಡಿಎನ್‌ಎಯ ಪೂರ್ತಿ ಸುಮಾರು 16,569 ಅಕ್ಷರಗಳನ್ನೂ (ಎ, ಸಿ, ಜಿ, ಟಿ ಎಂಬ ನಾಲ್ಕು ಘಟಕಗಳ ಸಾಲು) ಓದಿಸಿ. ಉಪಶಾಖೆ ಸಿಗುವುದು ಆಗಲೇ. ಇಬ್ಬರು ಬಂಧುಗಳ ಫಲಿತಾಂಶ ಹೋಲಿಸುವಾಗ 309ನೇ ಸ್ಥಾನದಲ್ಲಿ ಒಬ್ಬರಿಗೆ ಒಂದು ‘ಸಿ’ ಹೆಚ್ಚಿದ್ದರೆ ಗಾಬರಿ ಬೇಡ. ಅಲ್ಲಿ ‘ಸಿ’ಗಳು ಸಾಲಾಗಿರುವುದರಿಂದ ನಕಲಾಗುವಾಗ ಎಣಿಕೆ ತಪ್ಪುವುದು ಮಾಮೂಲು; ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅರ್ಜಿಯಲ್ಲಿ ‘ತಾಯಿಕಡೆಯ ಅತಿ ಹಿಂದಿನ ಪೂರ್ವಜ’ ಎಂಬಲ್ಲಿ ಬಹಳ ಜನ ಮುತ್ತಜ್ಜನ ಹೆಸರು ಬರೆಯುತ್ತಾರೆ. ತಪ್ಪು. ಅಲ್ಲಿರಬೇಕಾದದ್ದು ಹೆಂಗಸಿನ ಹೆಸರು: ಅಮ್ಮನ ಅಮ್ಮನ ಅಮ್ಮ, ಜೊತೆಗೆ ಅವರ ಊರು.