ಬೇರೆ ಬೇರೆ, ಆದರೂ ದೂರ ಸೊನ್ನೆ!

ಪ್ರಶ್ನೆ: ನಾನು ಬದಿಯಡ್ಕದವಳು, ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ. ಒಂದು ಗೆರೆಯ ನಯವಾದ ರೂಪಾಂತರಗಳ ಗುಂಪಿನಲ್ಲಿ, ಎರಡು ಬೇರೆ ಬೇರೆ ರೂಪಾಂತರಗಳ ನಡುವಿನ ಜಿಯೋಡೆಸಿಕ್ ದೂರ (ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಗಳ ಉದ್ದದಿಂದ ಅಳೆಯುವ ದೂರ) ಸೊನ್ನೆ ಆಗಬಹುದು ಅಂತ ಕ್ಲಾಸಿನಲ್ಲಿ ಹೇಳಿದರು. ದೂರ ಸೊನ್ನೆ ಅಂದಮೇಲೆ ಎರಡೂ ಒಂದೇ ಅಲ್ವಾ ಸರ್?

ಉತ್ತರ: ಅಲ್ಲ. 2005ರಲ್ಲಿ ಗಣಿತಜ್ಞರಾದ ಪೀಟರ್ ಮಿಖೋರ್ ಮತ್ತು ಡೇವಿಡ್ ಮಮ್‌ಫೋರ್ಡ್ ಇದನ್ನು ಸಾಧಿಸಿ ತೋರಿಸಿದರು. ನನಗೂ ಮೊದಲು ನಂಬಿಕೆ ಬರಲಿಲ್ಲ.

ನಿಮ್ಮ ಕಡೆಯ ಅಡಿಕೆ ಅಂಗಳವನ್ನೇ ನೆನೆಸಿಕೊಳ್ಳಿ. ಅಂಗಳ ಅಂದರೆ ಆ ಗೆರೆ, ಅಡಿಕೆ ಅಂದರೆ ಅದರ ಬಿಂದು. ಸರಿಸಿದ ಹೊಸ ಜೋಡಣೆಯೇ ರೂಪಾಂತರ, ಸರಿಸುವ ಬಗೆಯೇ ದಾರಿ. ಅಂಗಳದ ತುಂಬ ಅಡಿಕೆ ಹರವಿದೆ. ಅಷ್ಟನ್ನೂ ಎರಡು ಮಾರು ಪೂರ್ವಕ್ಕೆ ಸರಿಸಬೇಕು. ಕೂಲಿಯ ಲೆಕ್ಕ ಮಾತ್ರ ವಿಚಿತ್ರ. ಎಷ್ಟು ಅಡಿಕೆ ಸರಿಯಿತು ಅಂತ ಯಾರೂ ಎಣಿಸುವುದಿಲ್ಲ. ಈ ಕ್ಷಣ ನೆಲದ ಎಷ್ಟು ಅಗಲದಲ್ಲಿ ಚಲನೆ ಇದೆ, ಅದಕ್ಕೆ ವೇಗದ ವರ್ಗವನ್ನು ಗುಣಿಸಿ ಕೂಲಿ. ದಾರಿಯ ಉದ್ದ ಅಳೆಯುವ ಎಲ್2 ಮೆಟ್ರಿಕ್ ಎಂಬ ಅಳತೆ ಎಣಿಸುವುದು ಹೀಗೆಯೇ.

ಈಗ ಹಲಗೆ ಹಿಡಿದು ಗೋರುತ್ತಾ ಹೋಗಿ. ಅಡಿಕೆ ಹಲಗೆಯ ಮುಂದೆ ಸಣ್ಣ ಪಟ್ಟಿಯಲ್ಲಿ ಒತ್ತಿಕೊಳ್ಳುತ್ತದೆ. ಪಟ್ಟಿ ಮುಂದಿನದನ್ನು ಸೇರಿಸಿಕೊಳ್ಳುತ್ತಾ, ಹಿಂದಿನದನ್ನು ಬೇಕಾದ ಜಾಗದಲ್ಲಿ ಬಿಡುತ್ತಾ ಅಂಗಳ ದಾಟುತ್ತದೆ. ಸಾಲು ತಪ್ಪುವುದಿಲ್ಲ. ಎಲ್ಲ ಅಡಿಕೆಯೂ ಸರಿಯಿತು, ಆದರೆ ಯಾವ ಕ್ಷಣದಲ್ಲೂ ಚಲನೆ ಇದ್ದದ್ದು ಆ ಪಟ್ಟಿಯಲ್ಲಿ ಮಾತ್ರ. ನಿಜವಾದ ಅಡಿಕೆಯನ್ನು ಒತ್ತಲು ಒಂದು ಮಿತಿ ಇದೆ. ಗಣಿತದ ಬಿಂದುವಿಗೆ ಗಾತ್ರವೇ ಇಲ್ಲವಲ್ಲ! ಪಟ್ಟಿ ತೆಳುವಾದಷ್ಟೂ ಕೂಲಿ ಕಡಿಮೆ, ದಾರಿಯೂ ಗಿಡ್ಡ.

ಇಲ್ಲಿ ಒಂದು ಮಾತು. ಸೊನ್ನೆ ಉದ್ದದ ದಾರಿ ಅಂತ ಯಾವುದೂ ಇಲ್ಲ. ಪ್ರತಿ ದಾರಿಗೂ ಸ್ವಲ್ಪ ಉದ್ದ ಇದ್ದೇ ಇದೆ. ಆದರೆ ಅದಕ್ಕಿಂತ ಗಿಡ್ಡದ್ದು ಯಾವಾಗಲೂ ಸಿಗುತ್ತದೆ. ದೂರ ಅಂದರೆ ಆ ಉದ್ದಗಳ ಕೆಳಗಿನ ಗಡಿ, ಅದು ಸೊನ್ನೆ. ದೂರ ಸೊನ್ನೆ ಆದರೆ ಎರಡೂ ಒಂದೇ ಎನ್ನುವ ನಿಮ್ಮ ಪಠ್ಯದ ಸಾಧನೆ ಸೀಮಿತ ಆಯಾಮಕ್ಕೆ ಮಾತ್ರ, ಈ ಗುಂಪಿನ ಆಯಾಮ ಅನಂತ.

ಒತ್ತಲಾಗದ ವಸ್ತುವಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಚಂದ್ರಗಿರಿ ಹೊಳೆಯ ನೀರನ್ನು ಗೋರಿ ಒಂದು ಗೆರೆಯಲ್ಲಿ ಇಡಲಾದೀತೇ? ಅಲ್ಲಿ ನೆಲ ಎಣಿಸಿದರೂ ನೀರು ಎಣಿಸಿದರೂ ಲೆಕ್ಕ ಒಂದೇ. ಹಾಗಾಗಿ ಗಾತ್ರ ಉಳಿಸುವ ರೂಪಾಂತರಗಳಲ್ಲಿ ಅದೇ ಎಲ್2 ದೂರ ಸೊನ್ನೆ ಆಗುವುದಿಲ್ಲ. 1966ರಲ್ಲಿ ವ್ಲಾದಿಮಿರ್ ಅರ್ನಾಲ್ಡ್ ಅಲ್ಲಿನ ಜಿಯೋಡೆಸಿಕ್‌ಗಳೇ (ಹತ್ತಿರದ ಎರಡು ಸ್ಥಿತಿಗಳ ನಡುವಿನ ಅತಿ ಗಿಡ್ಡ ದಾರಿಗಳು) ಆದರ್ಶ ದ್ರವದ, ಅಂದರೆ ಒತ್ತಲಾಗದ, ಒಳಗೆ ತಿಕ್ಕಾಟವಿಲ್ಲದ ದ್ರವದ ಹರಿವುಗಳು ಎಂದು ತೋರಿಸಿದ್ದರು.

ಅಡಿಕೆಯ ಲೆಕ್ಕವನ್ನೇ ಸರಿ ಮಾಡಬೇಕಾದರೆ, ವೇಗ ಜಾಗದಿಂದ ಜಾಗಕ್ಕೆ ಎಷ್ಟು ಚುರುಕಾಗಿ ಬದಲಾಗುತ್ತದೆ ಎನ್ನುವುದಕ್ಕೂ ಕೂಲಿ ಕೊಡಿ. ಇದು ಎಚ್1 ಮೆಟ್ರಿಕ್. ವೇಗ 1, ಪಟ್ಟಿಯ ಅಗಲ ನೂರನೇ ಒಂದು ಪಾಲು ಅಂತಿಟ್ಟುಕೊಳ್ಳಿ. ಎಲ್2 ಕೂಲಿಯೂ ಸುಮಾರು ನೂರನೇ ಒಂದು ಪಾಲು. ಎಚ್1ರಲ್ಲಿ ವೇಗದ ಏರು ಸುಮಾರು 100, ಅದರ ವರ್ಗ 10,000, ಅಗಲದಿಂದ ಗುಣಿಸಿದರೆ 100. ಪಟ್ಟಿಯನ್ನು ಇನ್ನೂ ತೆಳು ಮಾಡಿ ನೋಡಿ, ಕೂಲಿ ಏರುತ್ತಲೇ ಹೋಗುತ್ತದೆ.