ಕಡತಗಳ ರೂಪದ ಕಾದಂಬರಿ ಓದಿಸಿಕೊಂಡು ಹೋಗುತ್ತದೆಯೇ?

ಇಮೇಲ್, ಚಾಟ್ ಮತ್ತು ವರದಿಗಳಲ್ಲೇ ಸಾಗುವ ‘ಇಲ್ಯುಮಿನೇ’ಯನ್ನು ಹದಿನೈದರ ಮಗಳಿಗೆ ಕೊಡಬಹುದೇ, ಅಷ್ಟು ದಪ್ಪ ಪುಸ್ತಕ ಅವಳಿಗೆ ಬೇಸರ ತರಿಸದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಡಿ. ಏಮಿ ಕಾಫ್‌ಮನ್ ಮತ್ತು ಜೇ ಕ್ರಿಸ್ಟಾಫ್ ಜೊತೆಗೂಡಿ ಬರೆದು 2015ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ, 2575ನೇ ಇಸವಿಯ ಒಂದು ದಾಳಿಯಿಂದ ಪಾರಾದವರ ಕಥೆಯನ್ನು ನಿರೂಪಕನೊಬ್ಬ ನಮ್ಮ ಕೈಹಿಡಿದು ಹೇಳುವುದಿಲ್ಲ. ಒಂದು ದಾಖಲೆ ಮುಚ್ಚಿಟ್ಟದ್ದನ್ನು ಇನ್ನೊಂದರಲ್ಲಿ ಪತ್ತೆಹಚ್ಚುತ್ತಾ ನಾವೇ ಕಥೆಯನ್ನು ಕಟ್ಟಿಕೊಳ್ಳಬೇಕಾಗುತ್ತದೆ. ಹದಿಹರೆಯದ ಓದುಗರನ್ನು ಇಷ್ಟು ನಂಬುವ ಬರವಣಿಗೆ ನನಗೆ ಅತ್ಯಂತ ಪ್ರಿಯ. ಬಾಹ್ಯಾಕಾಶ ಯುದ್ಧನೌಕೆಯ ಕೃತಕ ಬುದ್ಧಿಮತ್ತೆಯಾದ ಏಡನ್ ಮಾತನಾಡುವ ಪುಟಗಳನ್ನು ನೋಡಿ: ಕಪ್ಪು ಹಾಳೆಯ ಮೇಲೆ ಬಿಳಿಯ ಅಕ್ಷರಗಳು ಚದುರುತ್ತವೆ, ಸಾಲುಗಳು ಬಾಗಿ ಸುತ್ತುತ್ತವೆ, ಓದುವವರು ಪುಸ್ತಕವನ್ನೇ ತಿರುಗಿಸಬೇಕಾಗುತ್ತದೆ. ಆದ್ದರಿಂದಲೇ ಫೋನಿನ ಪರದೆಗಿಂತ ಮುದ್ರಿತ ಪ್ರತಿಯೇ ಮೇಲು. ಬೈಗುಳಗಳನ್ನು ಕಪ್ಪು ಪಟ್ಟಿಯಿಂದ ಮರೆಮಾಡಲಾಗಿದೆಯಾದರೂ, ಸೋಂಕು ಮತ್ತು ಹತ್ಯೆಗಳ ವಿವರ ಸಾಕಷ್ಟು ಕಠೋರವಾಗಿದೆ. ಅವಳು ಸೂಕ್ಷ್ಮ ಸ್ವಭಾವದವಳಾದರೆ ಮೊದಲು ನೀವು ಓದಿ ನೋಡುವುದು ಒಳ್ಳೆಯದು. ಮೆಚ್ಚಿಕೊಂಡರೆ ಇದರ ಮುಂದಿನ ಭಾಗಗಳಾದ 2016ರ ‘ಜೆಮಿನಾ’ ಮತ್ತು 2018ರ ‘ಒಬ್ಸಿಡಿಯೊ’ಗಳನ್ನು ಇದೇ ಕ್ರಮದಲ್ಲಿ ಓದಲಿ.