ಬಿ.ಆರ್. ಪಂತುಲು ಯಾರು? ಕನ್ನಡದವರಾ, ತಮಿಳಿನವರಾ?

ಸಿನಿಮಾ ನಿರ್ದೇಶಕ, ನಿರ್ಮಾಪಕ, ನಟ. ಕನ್ನಡದವರೇ. ಗೊಂದಲಕ್ಕೆ ಕಾರಣ ಇದೆ: ಅವರ ಚಿತ್ರಸಂಸ್ಥೆ ಪದ್ಮಿನಿ ಪಿಕ್ಚರ್ಸ್ ಇದ್ದದ್ದು ಮದ್ರಾಸಿನಲ್ಲಿ. ಶಿವಾಜಿ ಗಣೇಶನ್ ಅವರ ತಮಿಳು ಚಿತ್ರಗಳಾದ 'ವೀರಪಾಂಡಿಯ ಕಟ್ಟಬೊಮ್ಮನ್' (1959), 'ಕರ್ಣನ್' (1964) ಎರಡೂ ಇವರ ನಿರ್ಮಾಣ, ನಿರ್ದೇಶನ.

ನಾಟಕದಿಂದ ಬಂದವರು, ಅದಕ್ಕೂ ಮೊದಲು ಮೇಷ್ಟ್ರಾಗಿದ್ದರು. 1958ರ 'ಸ್ಕೂಲ್ ಮಾಸ್ಟರ್'ನಲ್ಲಿ ತಾವೇ ಮೇಷ್ಟ್ರಾದರು. ವಯಸ್ಸಾದ ಗಂಡ ಹೆಂಡತಿ ಒಬ್ಬೊಬ್ಬ ಮಗನ ಮನೆಗೆ ಬೇರೆಬೇರೆಯಾಗಿ ಹೋಗಬೇಕಾಗುತ್ತದಲ್ಲ, ಅಲ್ಲಿ ಈಗಲೂ ಗಂಟಲು ಕಟ್ಟುತ್ತದೆ. ಆಮೇಲೆ 'ಕಿತ್ತೂರು ಚೆನ್ನಮ್ಮ' (1961). 1970ರ 'ಶ್ರೀಕೃಷ್ಣದೇವರಾಯ'ದಲ್ಲಿ ರಾಜ್‌ಕುಮಾರ್ ರಾಯ, ಇವರು ತಿಮ್ಮರಸು. ನನಗಂತೂ ಮಂತ್ರಿಯೇ ಜಾಸ್ತಿ ಇಷ್ಟ!

ಪುಟ್ಟಣ್ಣ ಕಣಗಾಲ್ ಕೆಲಸ ಕಲಿತದ್ದೂ ಇವರ ಹತ್ತಿರವೇ. ಪಂತುಲು 1974ರಲ್ಲಿ ತೀರಿಕೊಂಡರು. ಮಗಳು ಬಿ.ಆರ್. ವಿಜಯಲಕ್ಷ್ಮಿ ಛಾಯಾಗ್ರಾಹಕಿಯಾದರು.